ಸ್ಲೀವ್, ಬೈಪಾಸ್ ಆದ ಮೇಲೆ ಯಾವ ಪುಡಿ, ಯಾವ ಮಾತ್ರೆ? ಪಕ್ಕಪಕ್ಕ ಇಟ್ಟು ನೋಡಿದ ಹೋಲಿಕೆ

ತೂಕ ಇಳಿಸುವ ಶಸ್ತ್ರಚಿಕಿತ್ಸೆ ಆದವರ ಮನೆಯಲ್ಲಿ ಅರ್ಧ ಖಾಲಿಯಾದ ಡಬ್ಬಿಗಳು ಸಾಲಾಗಿ ನಿಂತಿರುತ್ತವೆ. ಎರಡು ಗುಟುಕಿಗೇ ಬೇಡವಾದ ಪ್ರೋಟೀನ್ ಪುಡಿ, ಗಂಟಲಲ್ಲಿ ಇಳಿಯದ ಕ್ಯಾಲ್ಸಿಯಂ ಮಾತ್ರೆ, ಯಾರೋ ಹೇಳಿದರೆಂದು ತಂದ ವಿಟಮಿನ್ ಗಮ್ಮಿ. ಆ ಸಾಲು ಸ್ವಲ್ಪ ಚಿಕ್ಕದಾಗಲಿ ಎಂದೇ ಇದನ್ನು ಬರೆದಿರುವುದು. ಲೇಬಲ್ ಮೇಲಿನ ಅಂಕಿ ಹೋಲಿಸಿದರೆ ಸಾಕು ಎಂದುಕೊಳ್ಳುತ್ತೇವೆ. ಆಪರೇಷನ್ ಆದ ಹೊಟ್ಟೆಗೆ ಅದು ಸಾಲದು. ಇಲ್ಲಿ ಪ್ರತಿಯೊಂದಕ್ಕೂ ಮೂರು ಪ್ರಶ್ನೆ ಹಾಕಿದ್ದೇವೆ: ಗಂಟಲಿಂದ ಇಳಿಯುತ್ತದೆಯೇ, ಇಳಿದದ್ದು ಹೊಟ್ಟೆಯಲ್ಲಿ ನಿಲ್ಲುತ್ತದೆಯೇ, ನಿಂತದ್ದು ರಕ್ತಕ್ಕೆ ಸೇರುತ್ತದೆಯೇ. ಮೊದಲ ಎರಡಕ್ಕೆ ನಾಲಿಗೆ, ಹೊಟ್ಟೆ ಉತ್ತರ ಕೊಡುತ್ತವೆ. ಮೂರನೆಯದಕ್ಕೆ ರಕ್ತಪರೀಕ್ಷೆಯೇ ಬೇಕು.

ಯಾವ ಆಪರೇಷನ್ ಆಗಿದೆ ಎಂಬುದರ ಮೇಲೆ ಉತ್ತರ ಬದಲಾಗುತ್ತದೆ. ಸ್ಲೀವ್‌ನಲ್ಲಿ ಜಠರದ ಮುಕ್ಕಾಲು ಭಾಗ ಅಥವಾ ಅದಕ್ಕಿಂತ ತುಸು ಹೆಚ್ಚು ತೆಗೆದು ಕೊಳವೆಯಂಥದ್ದನ್ನು ಉಳಿಸುತ್ತಾರೆ. ಕರುಳಿನ ದಾರಿ ಹಾಗೇ ಇರುತ್ತದೆ. ಬೈಪಾಸ್‌ನಲ್ಲಿ ಸುಮಾರು 30 ಮಿ.ಲೀ. ಹಿಡಿಯುವ ಪುಟ್ಟ ಚೀಲ ಮಾಡಿ, ಅದನ್ನು ಸಣ್ಣಕರುಳಿನ ಮುಂದಿನ ಭಾಗಕ್ಕೆ ಜೋಡಿಸುತ್ತಾರೆ. ಆಗ ಸಣ್ಣಕರುಳಿನ ಮೊದಲ ತುಂಡಾದ ಡುವೋಡಿನಮ್ ಊಟದ ದಾರಿಯಿಂದ ಹೊರಗುಳಿಯುತ್ತದೆ. ಕಬ್ಬಿಣ, ಕ್ಯಾಲ್ಸಿಯಂಗಳನ್ನು ಚೆನ್ನಾಗಿ ಹೀರಿಕೊಳ್ಳುತ್ತಿದ್ದ ಜಾಗ ಅದೇ. ಸ್ಲೀವ್ ಆದವರಿಗೆ ಒಗ್ಗಿದ ಮಾತ್ರೆ ಬೈಪಾಸ್ ಆದವರ ರಕ್ತದಲ್ಲಿ ಕಾಣದೇ ಹೋಗುವುದು ಇದಕ್ಕೇ.

ಪ್ರೋಟೀನ್ ಪುಡಿ: ಐದು ಬಗೆ

ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನ್ ಎಂಬುದು ಸಾಮಾನ್ಯವಾಗಿ ಕೊಡುವ ಗುರಿ. ನಿಮ್ಮ ಡಯಟಿಷಿಯನ್ ಇದಕ್ಕಿಂತ ಹೆಚ್ಚು ಹೇಳಿದ್ದರೆ ಅದನ್ನೇ ಹಿಡಿಯಿರಿ. ಮೊದಲ ವಾರಗಳಲ್ಲಿ ಊಟದಿಂದ ಇಷ್ಟು ಬರುವುದಿಲ್ಲ, ಪುಡಿಯ ಮೊರೆ ಹೋಗಲೇಬೇಕು.

ವೇ ಎಂದರೆ ಹಾಲು ಒಡೆದಾಗ ಉಳಿಯುವ ತಿಳಿನೀರಿನಿಂದ ತೆಗೆದ ಪ್ರೋಟೀನ್. ಅದರಲ್ಲಿ ಕಡಿಮೆ ಶುದ್ಧಮಾಡಿದ ವೇ ಕಾನ್ಸಂಟ್ರೇಟ್‌ನಲ್ಲಿ ಸಾಮಾನ್ಯವಾಗಿ ನೂರಕ್ಕೆ 70ರಿಂದ 80ರಷ್ಟು ಪ್ರೋಟೀನ್ ಇರುತ್ತದೆ. 30 ಗ್ರಾಂ ಸ್ಕೂಪಿಗೆ 21ರಿಂದ 24 ಗ್ರಾಂ. ರುಚಿ ದಪ್ಪ, ಹಾಲಿನ ಹತ್ತಿರ. ಆದರೆ ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ಅದರಲ್ಲಿ ಉಳಿದಿರುತ್ತದೆ. ಮೊದಲು ಹಾಲು ಕುಡಿದು ಏನೂ ಆಗದವರಿಗೂ ಆಪರೇಷನ್ ನಂತರ, ವಿಶೇಷವಾಗಿ ಬೈಪಾಸ್ ಆದಮೇಲೆ, ಹೊಟ್ಟೆ ಉಬ್ಬರ, ಗುಡುಗುಡು, ಭೇದಿ ಶುರುವಾಗಬಹುದು. ಇನ್ನೂ ಶುದ್ಧಮಾಡಿದ ಐಸೊಲೇಟ್‌ನಲ್ಲಿ ಪ್ರೋಟೀನ್ ನೂರಕ್ಕೆ 90ರ ಹತ್ತಿರ, ಲ್ಯಾಕ್ಟೋಸ್ ತೀರಾ ಕಡಿಮೆ. ರುಚಿ ತೆಳು, ಕೆಲವಕ್ಕೆ ಕೊನೆಯಲ್ಲಿ ಸಣ್ಣ ಕಹಿ. ಮೊದಲ ತಿಂಗಳಿಗೆ ಎರಡರಲ್ಲಿ ಒಂದನ್ನು ಆರಿಸಬೇಕೆಂದರೆ ಐಸೊಲೇಟ್ ಎನ್ನುವುದರಲ್ಲಿ ನಮಗೆ ಅನುಮಾನವಿಲ್ಲ. ಹೊಟ್ಟೆ ಪಳಗಿದ ಮೇಲೆ ಕಾನ್ಸಂಟ್ರೇಟ್‌ಗೆ ಬದಲಾಯಿಸಿ ನೋಡಬಹುದು.

ಕ್ಲಿಯರ್ ವೇ ಹಾಲಿನ ಹಾಗಲ್ಲ, ಹಣ್ಣಿನ ಪಾನಕದ ಹಾಗೆ ತಿಳಿಯಾಗಿ, ಸ್ವಲ್ಪ ಹುಳಿಯಾಗಿ ಇರುತ್ತದೆ. ಸಿಹಿ ಶೇಕ್ ವಾಸನೆಗೇ ವಾಕರಿಕೆ ಬರುವವರಿಗೆ ಇದು ದೊಡ್ಡ ಸಮಾಧಾನ. ಕಲಸಿದ ಕೂಡಲೇ ನೊರೆ ಬಹಳ ಏಳುತ್ತದೆ, ಇಳಿಯುವವರೆಗೆ ಕಾಯಬೇಕು. ಎದೆಯುರಿ ಇರುವವರಿಗೆ, ಅದರಲ್ಲೂ ಸ್ಲೀವ್ ಆದವರಿಗೆ, ಅದರ ಹುಳಿ ಆಗಿಬರುವುದಿಲ್ಲ.

ಸಸ್ಯಮೂಲದ್ದರಲ್ಲಿ ಸೋಯಾ ಒಂದೇ ಆದರೂ ಪರವಾಗಿಲ್ಲ, ಪ್ರೋಟೀನ್ ಕಟ್ಟುವ ಇಟ್ಟಿಗೆಗಳಾದ ಅಗತ್ಯ ಅಮೈನೋ ಆಮ್ಲಗಳೆಲ್ಲ ಅದರಲ್ಲಿ ಸಾಕಷ್ಟಿವೆ. ಅವುಗಳಲ್ಲಿ ಬಟಾಣಿ ಪ್ರೋಟೀನ್‌ನಲ್ಲಿ ಮೆಥಿಯೋನಿನ್ ಕಡಿಮೆ, ಅಕ್ಕಿಯದರಲ್ಲಿ ಲೈಸಿನ್ ಕಡಿಮೆ. ಎರಡೂ ಬೆರೆಸಿದ ಪುಡಿ ಒಂದರ ಕೊರತೆಯನ್ನು ಇನ್ನೊಂದು ತುಂಬುವಂತೆ ಮಾಡಿದ್ದು. ತೊಂದರೆ ಇರುವುದು ನಾಲಿಗೆಯ ಮೇಲೆ. ಮರಳುಮರಳು, ಬೇಗ ತಳ ಸೇರುತ್ತದೆ, ಹತ್ತು ನಿಮಿಷ ಬಿಟ್ಟರೆ ಗಂಜಿಯ ಹಾಗೆ ದಪ್ಪವಾಗುತ್ತದೆ. ಅದೇ ಅಳತೆಯ ವೇ ಪುಡಿಗಿಂತ ನೀರು ಕಾಲುಭಾಗ ಹೆಚ್ಚು ಹಾಕಿ.

ಕೊಲಾಜನ್ ಬಗ್ಗೆ ಸ್ವಲ್ಪ ನಿಂತು ಹೇಳಬೇಕು, ಏಕೆಂದರೆ ಮೊದಲ ಎರಡು ಪ್ರಶ್ನೆಯಲ್ಲಿ ಅದೇ ಗೆಲ್ಲುತ್ತದೆ. ವಾಸನೆಯಿಲ್ಲ, ಗಂಟಿಲ್ಲ, ಬಿಸಿ ಸೂಪಿನಲ್ಲೂ ಕರಗಿ ಮಾಯವಾಗುತ್ತದೆ. ಲೇಬಲ್ ಮೇಲೂ ಒಳ್ಳೆಯ ಅಂಕಿ. ಆದರೆ ಅದರಲ್ಲಿ ಟ್ರಿಪ್ಟೋಫಾನ್ ಎಂಬ ಅಗತ್ಯ ಅಮೈನೋ ಆಮ್ಲ ಇಲ್ಲವೇ ಇಲ್ಲ. ಸ್ನಾಯು ಉಳಿಸಿಕೊಳ್ಳಲು ಬೇಕಾದ ಪ್ರೋಟೀನ್ ಎಂದು ಅದನ್ನು ಲೆಕ್ಕಕ್ಕೆ ಹಿಡಿಯಲಾಗದು. 60 ಗ್ರಾಂನಲ್ಲಿ 30 ಕೊಲಾಜನ್‌ನದ್ದಾದರೆ ನೀವು ಬರೆದಿಟ್ಟ ಲೆಕ್ಕ ತುಂಬಿರುತ್ತದೆ, ದೇಹಕ್ಕೆ ಬೇಕಾದದ್ದು ಬಂದಿರುವುದಿಲ್ಲ. ಇಷ್ಟವಾದರೆ ಕುಡಿಯಿರಿ, ಲೆಕ್ಕದ ಹೊರಗೆ ಇಡಿ.

ಕಲಸುವ ರೀತಿ ತಪ್ಪಿದರೆ ಯಾವ ಪುಡಿಯೂ ಒಗ್ಗುವುದಿಲ್ಲ. ಶೇಕರ್‌ನಲ್ಲಿ ಜೋರಾಗಿ ಕುಲುಕಿದರೆ ಗಾಳಿ ಒಳಸೇರಿ ನೊರೆಯಾಗುತ್ತದೆ. ಆ ಗಾಳಿ ಪುಟ್ಟ ಹೊಟ್ಟೆಗೆ ಇಳಿದರೆ ಎದೆಮೂಳೆಯ ಕೆಳಗೆ ಹಿಡಿದುಕೊಂಡಂತೆ ನೋವು. ಲೋಟಕ್ಕೆ ಮೊದಲು ಪುಡಿ ಹಾಕಿ, ಎರಡು ಮೂರು ಚಮಚ ತಣ್ಣೀರು ಬಿಟ್ಟು, ಚಮಚದ ಹಿಂಬದಿಯಿಂದ ಲೋಟದ ಗೋಡೆಗೆ ಒತ್ತಿ ಒತ್ತಿ ಗಂಟು ಒಡೆಯಿರಿ. ಹೊಳಪಿನ ಲೇಹ್ಯದಂತೆ ಆದ ಮೇಲೆ ಉಳಿದ ನೀರನ್ನು ಸ್ವಲ್ಪಸ್ವಲ್ಪವೇ ಸೇರಿಸಿ, ಒಟ್ಟು 200 ಮಿ.ಲೀ. ಆಗುವಂತೆ ಮೆಲ್ಲಗೆ ತಿರುವಿ. ಹತ್ತು ನಿಮಿಷ ಬಿಡಿ. ಮೇಲೆ ಉಳಿದ ನೊರೆಯನ್ನು ಚಮಚದಲ್ಲಿ ತೆಗೆದುಬಿಡಿ. ಕುದಿಯುವ ಕಾಫಿಗೆ ವೇ ಹಾಕಿದರೆ ಹಾಲು ಒಡೆದ ಹಾಗೆ ಮುದ್ದೆಯಾಗುತ್ತದೆ. ಬಿಸಿಯೇ ಬೇಕಿದ್ದರೆ ಬಾಯಿಗೆ ಬೆಚ್ಚಗೆ ಹಿತವಾಗುವಷ್ಟು ಆರಿದ ಮೇಲೆ, ಲೇಹ್ಯ ಮಾಡಿಕೊಂಡೇ ಸೇರಿಸಿ. ಒಂದು ಲೋಟ ಮುಗಿಯಲು 30ರಿಂದ 45 ನಿಮಿಷ ತೆಗೆದುಕೊಳ್ಳಿ.

ಇನ್ನೂ ಆಪರೇಷನ್ ಆಗಬೇಕಿರುವವರಿಗೆ ಒಂದು ಮಾತು: ಈಗಲೇ ದೊಡ್ಡ ಡಬ್ಬಿ ಕೊಂಡಿಡಬೇಡಿ. ನಂತರ ರುಚಿ, ವಾಸನೆ ಎರಡೂ ಬದಲಾಗುವುದು ತುಂಬ ಸಾಮಾನ್ಯ. ಈಗ ಇಷ್ಟವಾದ ಚಾಕೊಲೇಟ್ ರುಚಿ ಆಗ ವಾಕರಿಕೆ ತರಬಹುದು. ಚಿಕ್ಕ ಪೊಟ್ಟಣಗಳಲ್ಲಿ ಮೂರು ನಾಲ್ಕು ರುಚಿ ಇಟ್ಟುಕೊಳ್ಳಿ; ಅದರಲ್ಲಿ ರುಚಿಯೇ ಸೇರಿಸದ್ದೊಂದು ಇರಲಿ.

ಪ್ರೋಟೀನ್ ಬಾರ್ ಮೊದಲ ತಿಂಗಳುಗಳ ವಸ್ತುವಲ್ಲ. ಜಗಿದಷ್ಟೂ ಅಂಟಾಗಿ ಸಿಕ್ಕಿಹಾಕಿಕೊಳ್ಳುತ್ತದೆ. ‘ಸಕ್ಕರೆ ಇಲ್ಲ’ ಎಂದು ಬರೆದದ್ದರಲ್ಲಿ ಸಕ್ಕರೆಗೆ ಬದಲಾಗಿ ಹಾಕುವ ಮಾಲ್ಟಿಟಾಲ್, ಸಾರ್ಬಿಟಾಲ್ ಇದ್ದರೆ ಭೇದಿ. ಗಟ್ಟಿ ಆಹಾರ ಒಗ್ಗತೊಡಗಿದ ಮೇಲೆ ಪುಡಿಯನ್ನು ಹಿಂದಕ್ಕೆ ಸರಿಸಿ. ದ್ರವ ಬೇಗ ಜಾರಿಹೋಗುತ್ತದೆ, ಹಸಿವು ಬೇಗ ಮರಳುತ್ತದೆ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನ್. ಅಂಕಿ ಚಿಕ್ಕದು, ಹೊಟ್ಟೆಯಲ್ಲಿ ಅದು ನಿಲ್ಲುವ ಹೊತ್ತು ಶೇಕ್‌ಗಿಂತ ಹೆಚ್ಚು.

ನೀರು: ಸ್ಟ್ರಾ, ಬಾಟಲ್, ಪುಟ್ಟ ಕಪ್

ಸ್ಟ್ರಾದಲ್ಲಿ ಹೀರಿದರೆ ಕೆಲವರಿಗೆ ಗಾಳಿಯೂ ಒಳಹೋಗುತ್ತದೆ, ಎಷ್ಟು ಹೋಯಿತೆಂದು ತಿಳಿಯುವುದೂ ಇಲ್ಲ. ದೊಡ್ಡ ಬಾಯಿಯ ಬಾಟಲ್‌ನಿಂದ ಅಭ್ಯಾಸಬಲದಲ್ಲಿ ಗಟಗಟ ಇಳಿಸಿಬಿಡುತ್ತೇವೆ. 30 ಮಿ.ಲೀ. ಔಷಧಿ ಕಪ್ ಎಲ್ಲಕ್ಕಿಂತ ವಾಸಿ. ಕಾಲುಗಂಟೆಗೊಂದು ಕಪ್ಪನ್ನು ಗುಟುಕಿಸುತ್ತಾ ಹೋದರೆ ಗಂಟೆಗೆ 120 ಮಿ.ಲೀ., 13 ಗಂಟೆಗೆ ಒಂದೂವರೆ ಲೀಟರ್ ದಾಟುತ್ತದೆ. ಊಟದ ಜೊತೆ ನೀರು ಬೇಡ, ಊಟವಾದ ಅರ್ಧ ಗಂಟೆ ಬಿಟ್ಟು ಮತ್ತೆ ಶುರುಮಾಡಿ. ಆ ಬಿಡುವನ್ನೂ ಲೆಕ್ಕಕ್ಕೆ ತಂದರೆ, ಬೆಳಿಗ್ಗೆ ಎದ್ದ ಕೂಡಲೇ ಕಪ್ ಕೈಗೆ ಬರಬೇಕು. ತಣ್ಣೀರು ಹಿಡಿದುಕೊಂಡಂತಾದರೆ ಉಗುರುಬೆಚ್ಚಗಿನದು ಪ್ರಯತ್ನಿಸಿ. ಸೋಡಾ ಬೇಡ.

ಕ್ಯಾಲ್ಸಿಯಂ: ಕಾರ್ಬೊನೇಟ್ ಎದುರು ಸಿಟ್ರೇಟ್

ಇಲ್ಲಿ ಲೇಬಲ್ ಹೆಚ್ಚು ದಾರಿ ತಪ್ಪಿಸುತ್ತದೆ. ಕಾರ್ಬೊನೇಟ್‌ನ ತೂಕದಲ್ಲಿ ನೂರಕ್ಕೆ 40ರಷ್ಟು ಕ್ಯಾಲ್ಸಿಯಂ, ಸಿಟ್ರೇಟ್‌ನಲ್ಲಿ 21ರಷ್ಟು. 1250 ಮಿ.ಗ್ರಾಂ. ಕಾರ್ಬೊನೇಟ್ ಮಾತ್ರೆಯೊಂದರಲ್ಲಿ 500 ಮಿ.ಗ್ರಾಂ. ಕ್ಯಾಲ್ಸಿಯಂ, ಅಷ್ಟೇ ಕ್ಯಾಲ್ಸಿಯಂ ಸಿಟ್ರೇಟ್‌ನಿಂದ ಬರಲು ಎರಡು ದಪ್ಪ ಮಾತ್ರೆ ಬೇಕಾಗುತ್ತದೆ. ಬೆಲೆ, ಗಾತ್ರ, ಮಾತ್ರೆಗಳ ಸಂಖ್ಯೆ ಎಲ್ಲದರಲ್ಲೂ ಕಾರ್ಬೊನೇಟ್ ಮುಂದೆ.

ಆದರೆ ಕಾರ್ಬೊನೇಟ್ ಕರಗಲು ಜಠರದ ಆಮ್ಲ ಬೇಕು. ಬೈಪಾಸ್‌ನ ಪುಟ್ಟ ಚೀಲದಲ್ಲಿ ಆಮ್ಲ ತೀರಾ ಕಡಿಮೆ, ಸ್ಲೀವ್‌ನಲ್ಲೂ ಕಡಿಮೆಯಾಗುತ್ತದೆ. ಅದರ ಮೇಲೆ ಮೊದಲ ತಿಂಗಳುಗಳಲ್ಲಿ ಆಮ್ಲ ತಗ್ಗಿಸುವ ಮಾತ್ರೆಯನ್ನೂ ಬಹುತೇಕರಿಗೆ ಕೊಟ್ಟಿರುತ್ತಾರೆ. ಕಾರ್ಬೊನೇಟ್ ಊಟದ ಜೊತೆಯೇ ಹೋಗಬೇಕು, ಆಗ ಊಟವೋ ನಾಲ್ಕು ಚಮಚ. ಗ್ಯಾಸ್, ಮಲಬದ್ಧತೆ ಬೇರೆ. ಸಿಟ್ರೇಟ್‌ಗೆ ಆಮ್ಲದ ಹಂಗಿಲ್ಲ, ಊಟದ ಜೊತೆಗಾದರೂ ಸರಿ, ಖಾಲಿ ಹೊಟ್ಟೆಗಾದರೂ ಸರಿ. ನಮ್ಮ ಆಯ್ಕೆ ಸಿಟ್ರೇಟ್, ಅದರಲ್ಲೂ ಮೊದಲಿಗೆ ಜಗಿಯುವಂಥದ್ದು ಅಥವಾ ದ್ರವ. ಜಗಿಯುವುದು ಸೀಮೆಸುಣ್ಣದ ಹಾಗೆ ಹಲ್ಲಿಗೆ ಮೆತ್ತುತ್ತದೆ ನಿಜ. ಎರಡು ತುಂಡು ಮಾಡಿ ನಿಧಾನಕ್ಕೆ ಜಗಿಯಿರಿ.

ಸ್ಲೀವ್, ಬೈಪಾಸ್ ಎರಡಕ್ಕೂ ದಿನದ ಗುರಿ ಸಾಮಾನ್ಯವಾಗಿ 1200ರಿಂದ 1500 ಮಿ.ಗ್ರಾಂ., ಊಟದಿಂದ ಬರುವುದೂ ಸೇರಿ. ಒಂದು ಸಲಕ್ಕೆ 500-600ಕ್ಕಿಂತ ಹೆಚ್ಚು ನುಂಗಿದರೆ ಹೆಚ್ಚಾದದ್ದು ಸರಿಯಾಗಿ ಹೀರುವುದಿಲ್ಲ. ಲೇಬಲ್‌ನಲ್ಲಿ ‘ಎಲಿಮೆಂಟಲ್’ ಎಂದಿರುವ, ಅಂದರೆ ಬರೀ ಕ್ಯಾಲ್ಸಿಯಂನ ತೂಕ ಹೇಳುವ ಅಂಕಿಯನ್ನೇ ನೋಡಿ. ಒಟ್ಟು ಲವಣದ ತೂಕ ನೋಡಿ ಅರ್ಧ ಡೋಸ್ ತೆಗೆದುಕೊಳ್ಳುತ್ತಿರುವವರು ಬಹಳ.

ಕಬ್ಬಿಣ

ಮುಟ್ಟಾಗುವ ಹೆಂಗಸರಿಗೆ, ಬೈಪಾಸ್ ಆದವರಿಗೆ ದಿನಕ್ಕೆ 45ರಿಂದ 60 ಮಿ.ಗ್ರಾಂ. ಎಲಿಮೆಂಟಲ್ ಕಬ್ಬಿಣ ಎಂಬುದು ವಾಡಿಕೆಯ ಪ್ರಮಾಣ. ಫೆರಸ್ ಸಲ್ಫೇಟ್‌ನ 325 ಮಿ.ಗ್ರಾಂ. ಮಾತ್ರೆಯಲ್ಲಿ 65 ಮಿ.ಗ್ರಾಂ. ಕಬ್ಬಿಣವಿದೆ. ಅಗ್ಗ, ಗಟ್ಟಿ, ಆದರೆ ವಾಕರಿಕೆ, ಹೊಟ್ಟೆನೋವು, ಕಪ್ಪು ಗಟ್ಟಿ ಮಲ. ಗ್ಲುಕೋನೇಟ್‌ನಲ್ಲಿ ಒಂದು ಮಾತ್ರೆಯ ಕಬ್ಬಿಣ ಇದರ ಅರ್ಧಕ್ಕಿಂತ ಸ್ವಲ್ಪ ಮೇಲೆ, ಹೊಟ್ಟೆಗೂ ಅಷ್ಟೇ ಹಗುರ. ಎಂಟೆರಿಕ್ ಲೇಪನದ, ಅಂದರೆ ಜಠರದಲ್ಲಿ ಕರಗದಂತೆ ಹೊದಿಕೆ ಹಾಕಿದ, ಮಾತ್ರೆ ಹೊಟ್ಟೆಗೆ ಮೆತ್ತಗೆ ಎನ್ನಿಸಿದರೂ ತಡವಾಗಿ ಕರಗಿ, ಹೀರುವ ಜಾಗ ದಾಟಿಹೋಗುತ್ತದೆ, ಅದು ಬೇಡ. ಬಾಯಿಂದ ಎಷ್ಟು ಕೊಟ್ಟರೂ ದೇಹದ ಕಬ್ಬಿಣದ ದಾಸ್ತಾನು ತೋರಿಸುವ ಫೆರಿಟಿನ್ ಮೇಲೇಳದಿದ್ದರೆ ಮಾತ್ರೆ ಬದಲಾಯಿಸುತ್ತಾ ಕೂರಬೇಡಿ, ರಕ್ತನಾಳದ ಮೂಲಕ ಕೊಡುವ ಕಬ್ಬಿಣದ ಬಗ್ಗೆ ವೈದ್ಯರನ್ನು ಕೇಳಿ. ಬೈಪಾಸ್‌ನಲ್ಲಿ ಇದು ನಿಮ್ಮ ಅಶ್ರದ್ಧೆಯಿಂದ ಆಗುವುದಲ್ಲ.

ಕ್ಯಾಲ್ಸಿಯಂ ಮತ್ತು ಕಬ್ಬಿಣಕ್ಕೆ ಒಂದಕ್ಕೊಂದು ಆಗುವುದಿಲ್ಲ, ನಡುವೆ ಎರಡು ಗಂಟೆಯಾದರೂ ಇರಲಿ. ಕಾಫಿ, ಚಹಾ ಕೂಡ ಕಬ್ಬಿಣವನ್ನು ತಡೆಯುತ್ತವೆ. ಬೆಳಿಗ್ಗೆ 10ಕ್ಕೆ, ಮಧ್ಯಾಹ್ನ 2ಕ್ಕೆ, ಸಂಜೆ 6ಕ್ಕೆ ಕ್ಯಾಲ್ಸಿಯಂ, ಮಲಗುವ ಮುಂಚೆ ವಿಟಮಿನ್ ಸಿ ಜೊತೆ ಕಬ್ಬಿಣ ಎಂದು ಫೋನಿನಲ್ಲಿ ಅಲಾರಂ ಇಟ್ಟರೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಮಲಗುವ ಹೊತ್ತಿಗೆ ಎದೆಯುರಿ ಬರುವುದಾದರೆ ಕಬ್ಬಿಣವನ್ನು ಬೆಳಿಗ್ಗೆಗೆ ತಂದು ಮಿಕ್ಕದ್ದನ್ನು ಸರಿಸಿ.

ಮಲ್ಟಿವಿಟಮಿನ್: ಜಗಿಯುವುದು, ಕ್ಯಾಪ್ಸೂಲ್, ಗಮ್ಮಿ, ಪಟ್ಟಿ

ಬೇರಿಯಾಟ್ರಿಕ್, ಅಂದರೆ ತೂಕ ಇಳಿಸುವ ಶಸ್ತ್ರಚಿಕಿತ್ಸೆಯ, ರೋಗಿಗಳಿಗೆಂದೇ ಮಾಡಿದ ಜಗಿಯುವ ಮಾತ್ರೆ ಮೊದಲಿಗೆ ಸರಿ. ಗಾಯ ಮಾಗಿ ಮಾತ್ರೆ ಇಳಿಯತೊಡಗಿದ ಮೇಲೆ ಕ್ಯಾಪ್ಸೂಲ್ ಸುಲಭ, ಒಂದೆರಡರಲ್ಲಿ ಮುಗಿಯುತ್ತದೆ. ಗಮ್ಮಿಗಳಲ್ಲಿ ಸಾಮಾನ್ಯವಾಗಿ ಕಬ್ಬಿಣ ಇರುವುದಿಲ್ಲ, ತಯಾಮಿನ್, ತಾಮ್ರ ಬಹಳಷ್ಟರಲ್ಲಿ ಇಲ್ಲ ಅಥವಾ ಹೆಸರಿಗಷ್ಟೇ. ಚರ್ಮಕ್ಕೆ ಅಂಟಿಸುವ ಪಟ್ಟಿಯನ್ನು ಮಾತ್ರೆಗೆ ಬದಲಾಗಿ ನಂಬುವಷ್ಟು ಪುರಾವೆ ಇಲ್ಲ. ವಾಕರಿಕೆಯಿಂದ ಸೋತವರಿಗೆ ಪಟ್ಟಿ ಎಷ್ಟು ಆಸೆ ಹುಟ್ಟಿಸುತ್ತದೆಂದು ಗೊತ್ತು, ಆದರೂ ಅದರ ಮೇಲೆ ಭಾರ ಹಾಕಬೇಡಿ. ಯಾವುದೇ ಮಾತ್ರೆ ಪುಡಿಮಾಡುವ ಮೊದಲು ಔಷಧಿ ಅಂಗಡಿಯವರನ್ನು ಕೇಳಿ. ನಿಧಾನವಾಗಿ ಬಿಡುಗಡೆಯಾಗುವಂತೆ ಮಾಡಿದ್ದನ್ನು ಪುಡಿಮಾಡಿದರೆ ಇಡೀ ಡೋಸ್ ಒಮ್ಮೆಗೇ ಒಳಹೋಗುತ್ತದೆ.

ಬಿ12 ಬಾಯಿಂದ ದಿನಕ್ಕೆ 350ರಿಂದ 1000 ಮೈಕ್ರೋಗ್ರಾಂ, ಇಲ್ಲವೇ ತಿಂಗಳಿಗೊಮ್ಮೆ 1000 ಮೈಕ್ರೋಗ್ರಾಂ ಇಂಜೆಕ್ಷನ್. ಎರಡೂ ಕೆಲಸ ಮಾಡುತ್ತವೆ. ದಿನದ ಮಾತ್ರೆ ಮರೆಯುವವರು ಇಂಜೆಕ್ಷನ್ನೇ ಹಿಡಿಯಲಿ.

ತಯಾಮಿನ್, ಅಂದರೆ ಬಿ1, ಹೋಲಿಕೆಯ ಮಾತಲ್ಲ, ಎಚ್ಚರಿಕೆಯ ಮಾತು. ದೇಹದಲ್ಲಿ ಅದರ ದಾಸ್ತಾನು ಎರಡು ಮೂರು ವಾರಕ್ಕೆ ಬರಿದಾಗಬಹುದು. ಎರಡು ಮೂರು ದಿನದಿಂದ ವಾಂತಿ ನಿಲ್ಲದೆ ಏನೂ ಒಳಗೆ ನಿಲ್ಲದಿದ್ದರೆ ‘ಪುಡಿ ಒಗ್ಗಲಿಲ್ಲ’ ಎಂದು ಮನೆಯಲ್ಲಿ ಕೂರಬೇಡಿ. ಕಣ್ಣಿಗೆ ಎರಡೆರಡು ಕಾಣುವುದು, ನಡೆಯುವಾಗ ತೂರಾಡುವುದು, ಮಾತು ಗೊಂದಲವಾಗುವುದು ಕಂಡರೆ ತಕ್ಷಣ ತುರ್ತು ವಿಭಾಗಕ್ಕೆ ಹೋಗಿ, ಆಪರೇಷನ್ ಆಗಿದೆ ಎಂಬುದನ್ನು ಮೊದಲೇ ಹೇಳಿ. ಗ್ಲೂಕೋಸ್ ಡ್ರಿಪ್ ಹಾಕುವ ಮೊದಲು ಅಥವಾ ಅದರ ಜೊತೆಗೇ ತಯಾಮಿನ್ ಕೊಡಬೇಕೆಂದು ನೆನಪಿಸಿ. ಜೊತೆಗಿರುವವರಿಗೆ ಈ ಸಾಲನ್ನು ಇಂದೇ ಓದಿಸಿಡಿ, ಏಕೆಂದರೆ ಆ ಹೊತ್ತಿನಲ್ಲಿ ಹೇಳಬೇಕಾದವರು ಅವರೇ.

ಮೂರನೆಯಿಂದ ಆರನೆಯ ತಿಂಗಳ ನಡುವೆ ಕೂದಲು ಉದುರತೊಡಗಿದಾಗ ಎಲ್ಲರೂ ಕೂದಲಿಗೆಂದು ಮಾರುವ ಬಯೋಟಿನ್ ಎಂಬ ವಿಟಮಿನ್ ಕೊಳ್ಳುತ್ತಾರೆ. ಈ ಉದುರುವಿಕೆಗೆ ಬಹುಪಾಲು ಕಾರಣ ಆಪರೇಷನ್ ಮತ್ತು ಬೇಗ ಇಳಿದ ತೂಕದ ಹೊಡೆತ. ಅದು ತಾನಾಗಿ ನಿಲ್ಲುತ್ತದೆ. ನಿಲ್ಲದಿದ್ದರೆ ನೋಡಬೇಕಾದ್ದು ಪ್ರೋಟೀನ್, ಫೆರಿಟಿನ್, ಜಿಂಕ್. ಹೆಚ್ಚಿನ ಡೋಸಿನ ಬಯೋಟಿನ್ ಥೈರಾಯ್ಡ್ ಸೇರಿ ಕೆಲವು ರಕ್ತಪರೀಕ್ಷೆಗಳಲ್ಲಿ ಸುಳ್ಳು ಅಂಕಿ ತೋರಿಸುತ್ತದೆ. ಅದನ್ನು ತೆಗೆದುಕೊಳ್ಳುತ್ತಿದ್ದರೆ ರಕ್ತ ಕೊಡುವ ಮೊದಲೇ ವೈದ್ಯರಿಗೆ ತಿಳಿಸಿ, ಎಷ್ಟು ದಿನ ಮುಂಚೆ ನಿಲ್ಲಿಸಬೇಕೆಂದು ಕೇಳಿ. ಹೋಗುವಾಗ ಮನೆಯಲ್ಲಿರುವ ಪ್ರತಿ ಡಬ್ಬಿಯ ಹಿಂಬದಿಯ ಫೋಟೋ ಫೋನಿನಲ್ಲಿರಲಿ, ಅರ್ಧಕ್ಕೆ ಬಿಟ್ಟ ಡಬ್ಬಿಗಳದ್ದೂ.