ಹೆರಿಗೆ ರಜೆ ಮುಗಿಸಿ ಹೋದ ದಿನ ಯಾವ ಕಾಗದಕ್ಕೂ ಸಹಿ ಹಾಕಬೇಡಿ

ಹೆರಿಗೆ ರಜೆ ಮುಗಿಯುತ್ತಾ ಬಂದಿರುವ ಹೆಣ್ಣುಮಕ್ಕಳು, ಅದರಲ್ಲೂ ಮುಂಬೈಯಲ್ಲಿ ಖಾಸಗಿ ಕಂಪನಿಗಳಲ್ಲಿ ದುಡಿಯುವವರು, ದಯವಿಟ್ಟು ಇದನ್ನು ಪೂರ್ತಿ ಓದಿ. ಕೆಲವು ಕಂಪನಿಗಳು ಬಾಣಂತಿಯನ್ನು ಕೆಲಸದಿಂದ ತೆಗೆಯುವುದಿಲ್ಲ. ಅವಳ ಕೈಯಿಂದಲೇ ರಾಜೀನಾಮೆ ಬರೆಸಿಕೊಳ್ಳುತ್ತವೆ. ನನ್ನ ಹತ್ತಿರವೂ ಹಾಗೇ ಬರೆಸಿಕೊಳ್ಳಲು ನೋಡಿದರು.

ಅಂಧೇರಿಯ ಒಂದು ಕಂಪನಿಯ ಅಕೌಂಟ್ಸ್ ವಿಭಾಗದಲ್ಲಿ ಆರೇಳು ವರ್ಷದಿಂದ ಇದ್ದೆ. ಬಿಲ್ಲಿಂಗ್ ನೋಡುವ ಟೀಮ್ ನನ್ನ ಕೆಳಗಿತ್ತು. ಮನೆ ಡೊಂಬಿವಲಿಯಲ್ಲಿ. ಹೆರಿಗೆಗೆ ಕುಂದಾಪುರದ ಹತ್ತಿರ ತವರಿಗೆ ಹೋದೆ. ಚೊಚ್ಚಲ ಬಾಣಂತನ ತವರಲ್ಲೇ ಅಲ್ವಾ? 26 ವಾರಗಳ ಸಂಬಳದ ರಜೆ ಮೇಲ್‌ನಲ್ಲೇ ಮಂಜೂರಾಗಿತ್ತು. ನಡುವೆ ಆಫೀಸಿನಿಂದ ಒಂದೆರಡು ಸಲ ಫೋನ್ ಬಂತು. ಮಗು ಹೇಗಿದೆ ಎಂದು ಕೇಳುತ್ತಾ, "ವಾಪಸ್ ಬರುವ ಯೋಚನೆ ಇದೆಯಾ?" ಎಂದೂ ಕೇಳಿದರು. ಬರುತ್ತೇನೆ ಎಂದು ಹೇಳಿದ್ದಲ್ಲದೆ, ಸೇರುವ ತಾರೀಕನ್ನು ಮೇಲ್‌ನಲ್ಲೂ ಬರೆದಿದ್ದೆ. ಆ ಮೇಲ್ ಮುಂದೆ ಬಹಳ ಉಪಯೋಗಕ್ಕೆ ಬಂತು.

ಅಮ್ಮನ ಜೊತೆ ಮತ್ಸ್ಯಗಂಧ ರೈಲು ಹತ್ತಿ ಠಾಣೆಯಲ್ಲಿ ಇಳಿದೆವು. ಮಗುವನ್ನು ಅಮ್ಮ ನೋಡಿಕೊಳ್ಳುವುದು, ಆಮೇಲೆ ಆಫೀಸಿನವರು ಗೊತ್ತು ಮಾಡಿದ್ದ ಶಿಶುಪಾಲನಾ ಕೇಂದ್ರಕ್ಕೆ ಬಿಡುವುದು ಎಂದು ಲೆಕ್ಕ ಹಾಕಿದ್ದೆವು.

ಕೆಲಸಕ್ಕೆ ಹೋದ ಬೆಳಿಗ್ಗೆ ನನ್ನ ಜಾಗದಲ್ಲಿ ಬೇರೊಬ್ಬರು ಕೂತಿದ್ದರು. ಎಚ್‌ಆರ್‌ನವರು ಒಳಗೆ ಕರೆದು ಚಹಾ ತರಿಸಿದರು. ತುಂಬಾ ಮೆತ್ತಗೆ ಮಾತಾಡಿದರು. ನನ್ನ ಹುದ್ದೆ ಈಗ ಇಲ್ಲವಂತೆ. ಭಿವಂಡಿಯ ಗೋದಾಮಿನಲ್ಲಿ ಬಿಲ್ ನೋಡುವ ಕೆಲಸ ಇದೆಯಂತೆ. ಕೈಕೆಳಗೆ ಟೀಮ್ ಇರುವುದಿಲ್ಲ, ಇನ್ಸೆಂಟಿವ್ ಕೂಡ ಇಲ್ಲ. ಸಮಯ ಮಧ್ಯಾಹ್ನ ಒಂದರಿಂದ ರಾತ್ರಿ ಹತ್ತು. "ನಿಮಗೆ ಮನೆ ಹತ್ತಿರ ಆಗುತ್ತದಲ್ಲ ಮೇಡಂ, ನಿಮ್ಮ ಒಳ್ಳೆಯದಕ್ಕೇ ಹೇಳೋದು" ಎಂದರು. ರಾತ್ರಿ ಹತ್ತಕ್ಕೆ ಗೋದಾಮಿನಿಂದ ಹೊರಟು, ಹಾಲು ಕುಡಿಯುವ ಮಗುವಿನ ಹತ್ತಿರ ಎಷ್ಟು ಹೊತ್ತಿಗೆ ಬಂದು ಸೇರುವುದು? ಇದಕ್ಕೆ ಉತ್ತರ ಬರಲಿಲ್ಲ.

ಆಮೇಲೆ ಎರಡನೇ ದಾರಿ ತೋರಿಸಿದರು. 'ವೈಯಕ್ತಿಕ ಕಾರಣದಿಂದ ರಾಜೀನಾಮೆ ಕೊಡುತ್ತಿದ್ದೇನೆ' ಎಂಬ ಕಾಗದ ಮೊದಲೇ ಟೈಪ್ ಆಗಿತ್ತು. ನನ್ನ ಹೆಸರೂ ಹಾಕಿತ್ತು. ಸಹಿ ಹಾಕಿದರೆ ಅನುಭವ ಪತ್ರ ಚೆನ್ನಾಗಿ ಬರೆದುಕೊಡುತ್ತಾರಂತೆ. ಇಲ್ಲದಿದ್ದರೆ, ರಜೆಯಲ್ಲಿದ್ದ ಕಾರಣ ಈ ಸಲ ಕೊಟ್ಟ ಕೆಳಗಿನ ರೇಟಿಂಗ್ ದಾಖಲೆಯಲ್ಲಿ ಹಾಗೇ ಉಳಿಯುತ್ತದಂತೆ. ಆರು ತಿಂಗಳು ಕಾನೂನಿನ ಪ್ರಕಾರ ರಜೆಯಲ್ಲಿದ್ದವಳಿಗೆ ಕೆಲಸ ಸರಿ ಮಾಡಿಲ್ಲ ಎಂಬ ರೇಟಿಂಗ್! ಈಗ ಬರೆಯುವಾಗಲೂ ಮೈ ಉರಿಯುತ್ತದೆ.

ಮನೆಯಲ್ಲಿ ಮಾತಾಡಿ ಹೇಳುತ್ತೇನೆ ಎಂದು ಎದ್ದು ಬಂದೆ. ಇವತ್ತೇ ಹೇಳಿ ಎಂದು ಒತ್ತಾಯ ಮಾಡಿದರು. ಮಾಡಲಿ. ನಿಮಗೂ ಮಾಡುತ್ತಾರೆ. ಅವತ್ತೇ ಸಹಿ ಹಾಕಬೇಕು ಎಂದು ಯಾವ ಕಾನೂನೂ ಹೇಳುವುದಿಲ್ಲ.

ಮಾಟುಂಗದಲ್ಲಿ ನಮ್ಮೂರಿನ ವಕೀಲರೊಬ್ಬರಿದ್ದಾರೆ. ಅವರ ಹತ್ತಿರ ಹೋದಾಗ ಮೊದಲು ಕೇಳಿದ್ದು, "ಸಹಿ ಹಾಕಿದ್ಯೇನಮ್ಮಾ?" ಇಲ್ಲ ಎಂದೆ. "ಹಾಗಾದ್ರೆ ಹೆದರಬೇಡ" ಎಂದರು. ಅವರು ಬಿಡಿಸಿ ಹೇಳಿದ್ದು ಹೀಗೆ. 1961ರ ಹೆರಿಗೆ ಸೌಲಭ್ಯ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ, ಹೆರಿಗೆ ರಜೆಯಲ್ಲಿರುವ ಹೆಂಗಸನ್ನು ಆ ಕಾರಣಕ್ಕೆ ಕೆಲಸದಿಂದ ತೆಗೆಯುವ ಹಾಗಿಲ್ಲ. ಅಷ್ಟೇ ಅಲ್ಲ, ಅವಳಿಗೆ ನಷ್ಟವಾಗುವ ಹಾಗೆ ಕೆಲಸದ ಷರತ್ತುಗಳನ್ನು ಬದಲಾಯಿಸುವ ಹಾಗೂ ಇಲ್ಲ. ಆದರೆ ಆ ಸೆಕ್ಷನ್ ಮುಖ್ಯವಾಗಿ ಮಾತಾಡುವುದು ರಜೆಯ ಅವಧಿಯ ಬಗ್ಗೆ. ಅದಕ್ಕೇ ಕಂಪನಿ ಕಾಯುತ್ತದೆ. ರಜೆ ಮುಗಿಸಿ ಬಂದ ಮೇಲೆ ಹೊಸ ಹುದ್ದೆಯ ಪತ್ರಕ್ಕೆ ನೀವೇ ಒಪ್ಪಿಕೊಂಡರೆ, ಅಥವಾ ರಾಜೀನಾಮೆ ನೀವೇ ಕೊಟ್ಟರೆ, ಕಾಗದದ ಮೇಲೆ ಯಾರೂ ನಿಮ್ಮನ್ನು ತೆಗೆದಿಲ್ಲ, ಯಾರೂ ಏನೂ ಬದಲಾಯಿಸಿಲ್ಲ. ಬಲವಂತದಿಂದ ಬರೆಸಿಕೊಂಡರು ಎಂದು ಸಾಬೀತು ಮಾಡುವ ಭಾರ ಆಮೇಲೆ ನಿಮ್ಮ ತಲೆಗೇ ಬರುತ್ತದೆ.

ನನ್ನ ಪರವಾಗಿ ನಿಂತದ್ದು ಒಂದು ಹಳೆಯ ಮೇಲ್. ನಾನು ಇನ್ನೂ ತವರಲ್ಲಿದ್ದಾಗಲೇ, 'ಇನ್ನು ಮುಂದೆ ಬಿಲ್ಲಿಂಗ್ ಟೀಮ್ ಇವರು ನೋಡುತ್ತಾರೆ' ಎಂದು ಎಲ್ಲರಿಗೂ ಮೇಲ್ ಹೋಗಿತ್ತು. ಅದರಲ್ಲಿ 'ತಾತ್ಕಾಲಿಕ' ಎಂಬ ಮಾತೇ ಇರಲಿಲ್ಲ. ಅಂದರೆ ಬದಲಾವಣೆ ನಡೆದದ್ದು ರಜೆಯ ಒಳಗೇ. ವಕೀಲರು ಆ ತಾರೀಕನ್ನು ಎರಡೆರಡು ಸಲ ನೋಡಿ, ಅಡಿಗೆರೆ ಎಳೆದರು. ನಿಮ್ಮ ಇನ್‌ಬಾಕ್ಸ್‌ನಲ್ಲೂ ಇಂಥದ್ದು ಇರಬಹುದು, ಹುಡುಕಿ. ನಿಮ್ಮ ಲಾಗಿನ್ ಯಾವತ್ತು ಬಂದ್ ಆಯಿತು, ನಿಮ್ಮ ಹೆಸರು ಗ್ರೂಪಿನಿಂದ ಯಾವತ್ತು ಹೋಯಿತು, ಇವೂ ಸಾಕ್ಷಿಯೇ.

ಮಾರನೇ ದಿನವೇ ಎಚ್‌ಆರ್‌ಗೆ ಮೇಲ್ ಬರೆದೆ. ಮೀಟಿಂಗ್‌ನಲ್ಲಿ ಏನೇನು ಹೇಳಿದರು ಎಂಬುದನ್ನು ಹಾಗೆಯೇ ಬರೆದು, ಹಳೆಯ ಹುದ್ದೆಗೆ ಬರಲು ಸಿದ್ಧಳಿದ್ದೇನೆ, ರಾಜೀನಾಮೆ ಕೊಡುವುದಿಲ್ಲ ಎಂದೆ. ಅದಾದ ಮೇಲೆ ಅವರ ಮಾತೆಲ್ಲ ಫೋನಿನಲ್ಲೇ. ಪ್ರತಿ ಫೋನ್ ಆದ ಮೇಲೆ ನಾನು 'ನೀವು ಈಗ ಹೀಗೆ ಹೇಳಿದಿರಿ' ಎಂದು ಮೇಲ್ ಹಾಕುತ್ತಿದ್ದೆ. ಮುಂದಿನ ವಾರ ನೋಡೋಣ, ದೊಡ್ಡವರು ಊರಲ್ಲಿಲ್ಲ, ಬಜೆಟ್ ಆಗಲಿ ಎನ್ನುತ್ತಾ ದಿನ ತಳ್ಳಿದರು. ಇದರ ಹಿಂದೆ ಒಂದು ಲೆಕ್ಕ ಇರಬಹುದು, ಹುಷಾರಾಗಿರಿ. ಕೆಲಸದಿಂದ ತೆಗೆದರೆ ಅಥವಾ ಸೌಲಭ್ಯ ಕೊಡದಿದ್ದರೆ, ಆ ಆದೇಶ ಕೈ ಸೇರಿದ 60 ದಿನದ ಒಳಗೆ ಮೇಲ್ಮನವಿ ಕೊಡಬೇಕು. ಒಳ್ಳೆಯ ಮಾತು ನಂಬಿ ಕೂತರೆ ಆ ಗಡುವು ಸುಮ್ನೆ ಕಳೆದುಹೋಗುತ್ತದೆ.

ಬಾಂದ್ರಾ ಕುರ್ಲಾ ಕಾಂಪ್ಲೆಕ್ಸ್‌ನ ಕಾಮಗಾರ್ ಭವನದಲ್ಲಿ, ಅಂದರೆ ಕಾರ್ಮಿಕ ಇಲಾಖೆಯ ಕಚೇರಿಯಲ್ಲಿ, ದೂರು ಕೊಟ್ಟು, ನಮ್ಮ ಪ್ರತಿಯ ಮೇಲೆ ಮುದ್ರೆ ಹಾಕಿಸಿಕೊಂಡೆವು. ಕಂಪನಿಗೆ ನೋಟಿಸ್ ಹೋದ ಮೇಲೆ ದನಿ ಬದಲಾಯಿತು. ಹುದ್ದೆಯ ಹೆಸರು ವಾಪಸ್ ಬಂತು, ಭಿವಂಡಿಯ ಮಾತು ನಿಂತಿತು, ಹಿಡಿದಿಟ್ಟ ಇನ್ಸೆಂಟಿವ್ ಕೊಟ್ಟರು. ಟೀಮ್ ಮಾತ್ರ ಪೂರ್ತಿಯಾಗಿ ಕೊಡಲಿಲ್ಲ. ಮೀಟಿಂಗ್‌ಗಳಿಗೆ ಕರೆಯುತ್ತಿರಲಿಲ್ಲ. ಕೆಲವು ತಿಂಗಳು ಇದ್ದು, ಬೇರೆ ಕಡೆ ಕೆಲಸ ಸಿಕ್ಕಿದ ಮೇಲೆ ಬಿಟ್ಟೆ. ಬಿಟ್ಟದ್ದು ನನ್ನ ಇಷ್ಟದಿಂದ, ನಾನೇ ಬರೆದ ಕಾಗದದಿಂದ.

ನನಗಿಂತ ಮುಂಚೆ ಅದೇ ಆಫೀಸಿನಲ್ಲಿ ಒಬ್ಬಳು ಆ ಟೈಪ್ ಮಾಡಿದ ಕಾಗದಕ್ಕೆ ಸಹಿ ಹಾಕಿದ್ದಳು. ಸಿ-ಸೆಕ್ಷನ್ ಆಗಿತ್ತು, ಮಗುವಿಗೆ ಹುಷಾರಿರಲಿಲ್ಲ, ನಿದ್ದೆ ಇಲ್ಲ. ಅಂಥ ಹೊತ್ತಿನಲ್ಲಿ ಯಾರು ತಾನೇ ಜಗಳಕ್ಕೆ ನಿಲ್ಲುತ್ತಾರೆ? ಅವಳದ್ದು ಎಳ್ಳಷ್ಟೂ ತಪ್ಪಿಲ್ಲ. ಅವಳಿಗೆ ಏನೂ ಸಿಗಲಿಲ್ಲ.

ಇನ್ನು ಕೆಲವು ವಿಷಯ. ಹೆರಿಗೆಯ ನಿರೀಕ್ಷಿತ ದಿನಕ್ಕಿಂತ ಹಿಂದಿನ 12 ತಿಂಗಳಲ್ಲಿ 80 ದಿನ ಕೆಲಸ ಮಾಡಿದ್ದರೆ ಸಾಕು, ನಿಮಗೆ ಹಕ್ಕಿದೆ. 'ನಮ್ಮ ಕಂಪನಿ ಪಾಲಿಸಿ ಬೇರೆ' ಎಂದರೆ ಒಪ್ಪಬೇಡಿ, ಕಾಯ್ದೆಗಿಂತ ಕಡಿಮೆ ಕೊಡುವ ಒಪ್ಪಂದ ನಡೆಯುವುದಿಲ್ಲ. ಮಗುವಿಗೆ 15 ತಿಂಗಳು ತುಂಬುವವರೆಗೆ, ಊಟದ ಬಿಡುವಲ್ಲದೆ ದಿನಕ್ಕೆ ಎರಡು ಸಲ ಹಾಲೂಡಿಸುವ ಬಿಡುವು ಕೊಡಬೇಕು, ಅದಕ್ಕೆ ಸಂಬಳ ಕತ್ತರಿಸುವಂತಿಲ್ಲ. 50 ಅಥವಾ ಅದಕ್ಕಿಂತ ಜಾಸ್ತಿ ಜನ ಕೆಲಸ ಮಾಡುವ ಕಡೆ ಶಿಶುಪಾಲನಾ ಕೇಂದ್ರದ ಸೌಲಭ್ಯ ಇರಬೇಕು. ದಿನಕ್ಕೆ ನಾಲ್ಕು ಸಲ ಹೋಗಿ ಮಗುವನ್ನು ನೋಡಿ ಬರಬಹುದು. ಮನೆಯಿಂದ ಕೆಲಸ ಮಾತ್ರ ನೀವು, ಕಂಪನಿ ಇಬ್ಬರೂ ಒಪ್ಪಿದರಷ್ಟೇ. ಕಾಂಟ್ರಾಕ್ಟ್ ಮೇಲೆ ಇರುವವರೂ ಕೈಚೆಲ್ಲಬೇಡಿ. ಅವಧಿ ರಜೆಯ ನಡುವೆ ಮುಗಿದರೂ ಹೆರಿಗೆ ಸೌಲಭ್ಯ ಪೂರ್ತಿ ಕೊಡಬೇಕು ಎಂದು ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿದೆ.

ನನ್ನ ವಿಷಯ ನಡೆದದ್ದು ಹಳೆಯ ಕಾಯ್ದೆ ಇದ್ದಾಗ. 2025ರ ನವೆಂಬರ್ 21ರಿಂದ ಅದರ ಜಾಗಕ್ಕೆ 2020ರ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ. 26 ವಾರ, ಕೆಲಸದಿಂದ ತೆಗೆಯಬಾರದೆಂಬ ನಿಯಮ, 60 ದಿನದ ಗಡುವು ಅದರಲ್ಲೂ ಇವೆ. ದೂರು ಬರೆಯುವಾಗ ಹೊಸ ಸಂಹಿತೆಯ ಹೆಸರು ಹಾಕಿ.

ಊರಿಗೆ ಹೊರಡುವ ಮೊದಲು ನೇಮಕಾತಿ ಪತ್ರ, ಸಂಬಳದ ಸ್ಲಿಪ್‌ಗಳು, ಹಳೆಯ ರೇಟಿಂಗ್ ಪತ್ರಗಳು, ರಜೆ ಮಂಜೂರಾದ ಮೇಲ್, ಇಷ್ಟನ್ನು ಪ್ರಿಂಟ್ ತೆಗೆದು ಮನೆಯಲ್ಲಿಡಿ. ಆಫೀಸಿನ ಲ್ಯಾಪ್‌ಟಾಪ್ ವಾಪಸ್ ಕೊಟ್ಟ ಮೇಲೆ ಅವು ನಿಮ್ಮ ಕೈಗೆ ಸಿಗದೇ ಹೋಗಬಹುದು. ನಿಮಗೆ ಇಂಥದ್ದೇ ಕಾಗದ ಮುಂದಿಟ್ಟಿದ್ದರೆ, ಸಹಿ ಹಾಕುವ ಮೊದಲು ಅದರ ಪ್ರತಿ ಕೇಳಿ ತೆಗೆದುಕೊಳ್ಳಿ, ಕೊಡದಿದ್ದರೆ ಕೊಡಲಿಲ್ಲ ಎಂದು ಅವತ್ತು ರಾತ್ರಿಯೊಳಗೆ ಮೇಲ್ ಹಾಕಿ.