ರೈಲಲ್ಲಿ ಓದಿದ ನಾಲ್ಕು ಪುಸ್ತಕ, ಗೆದ್ದದ್ದು ಕರ್ವಾಲೊ

ಮೊದಲೇ ಹೇಳಿಬಿಡುತ್ತೇನೆ, ಈ ನಾಲ್ಕರಲ್ಲಿ ನನಗೆ ಹೆಚ್ಚು ಹಿಡಿಸಿದ್ದು ತೇಜಸ್ವಿಯವರ ‘ಕರ್ವಾಲೊ’. ಎಲ್ಲಕ್ಕಿಂತ ಜಾಸ್ತಿ ಕಾಡಿದ್ದೂ ಅದೇ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ನಾನು ದಿನಾ ತುಮಕೂರಿಂದ ಯಶವಂತಪುರಕ್ಕೆ ರೈಲಲ್ಲಿ ಹೋಗಿಬರುವವನು. ಬೆಳಗ್ಗೆ ಸೀಟು ಸಿಗುವುದು ಕಷ್ಟ, ಒಂದು ಕೈಯಲ್ಲಿ ಕಂಬಿ, ಇನ್ನೊಂದರಲ್ಲಿ ಪುಸ್ತಕ. ಸಂಜೆ ಕಿಟಕಿ ಪಕ್ಕ ಜಾಗ ಸಿಕ್ಕರೆ ಊರು ಬರುವತನಕ ಓದು. ಪುಸ್ತಕಕ್ಕೆ ಅಂತ ತಿಂಗಳಿಗೆ 500 ರೂಪಾಯಿ ಎತ್ತಿಡುತ್ತೇನೆ, ಅದರ ಮೇಲೆ ಹೋಗುವುದಿಲ್ಲ. ಈ ಹೋಲಿಕೆಯನ್ನೂ ಆ ಲೆಕ್ಕದಲ್ಲೇ ಓದಿಕೊಳ್ಳಿ.

ವಸುಧೇಂದ್ರರ ‘ತೇಜೋ ತುಂಗಭದ್ರಾ’ 2019ರಲ್ಲಿ ಬಂದ ಕಾದಂಬರಿ, ನಾನು ಓದಿದ್ದು ಈಗ. ಒಂದು ಕಡೆ ಲಿಸ್ಬನ್ನಿನ ತೇಜೋ ನದಿ, ಗೇಬ್ರಿಯಲ್, ಅವನು ಪ್ರೀತಿಸುವ ಯಹೂದಿ ಹುಡುಗಿ ಬೆಲ್ಲಾ. ಇನ್ನೊಂದು ಕಡೆ ವಿಜಯನಗರದ ಕಾಲ, ತುಂಗಭದ್ರೆಯ ದಡದಲ್ಲಿ ಹಂಪಮ್ಮ, ಕೇಶವ. ಪೋರ್ಚುಗೀಸರು ಮೆಣಸಿಗಾಗಿ ಹಡಗು ಹತ್ತಿದ್ದು ಶಾಲೆಯಲ್ಲಿ ನಾವು ಒಂದು ಸಾಲಿನಲ್ಲಿ ಓದಿ ಮುಗಿಸಿದ್ದೆವು. ಇಲ್ಲಿ ಆ ಹಡಗಿನೊಳಗೆ ನಾವೇ ಕೂತಿರುತ್ತೇವೆ. ಆದರೆ ದಪ್ಪ ಪುಸ್ತಕ, ನಿಂತುಕೊಂಡು ಓದಿದರೆ ಕ್ಯಾತ್ಸಂದ್ರ ದಾಟುವಷ್ಟರಲ್ಲೇ ಮಣಿಕಟ್ಟು ನೋಯುತ್ತದೆ. ಇನ್ನೊಂದು, ಕಥೆ ಒಂದು ನದಿಯಿಂದ ಇನ್ನೊಂದಕ್ಕೆ ಹೋಗಿಬರುತ್ತಾ ಇರುತ್ತದೆ. ದಿನಕ್ಕೆ ಇಪ್ಪತ್ತು ಪುಟ ಓದುವ ನನಗೆ ಮತ್ತೆ ಗೇಬ್ರಿಯಲ್ ಸಿಗುವ ಹೊತ್ತಿಗೆ ಅವನನ್ನು ಎಲ್ಲಿ ಬಿಟ್ಟಿದ್ದೆ ಅನ್ನುವುದೇ ಮರೆತಿರುತ್ತಿತ್ತು. ಇದನ್ನು ದಸರಾ ರಜೆಯಲ್ಲಿ ಮನೆಯಲ್ಲಿ ಕೂತು ಓದಬೇಕು.

ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಎರಡು ದಿನಕ್ಕೆ ಮುಗಿಯಿತು. ಇರುವೆಗಳ ಕಾಟದ ಸಣ್ಣ ಮನೆ, ಚಿಕ್ಕಪ್ಪ ಶುರು ಮಾಡಿದ ಮಸಾಲೆ ಪುಡಿ ವ್ಯಾಪಾರ, ಕೈಗೆ ದುಡ್ಡು ಬಂದ ಮೇಲೆ ಬದಲಾಗುವ ಮನೆಮಂದಿ. ಓದುವಾಗ ಹೊಟ್ಟೆಯೊಳಗೆ ಏನೋ ಹಿಂಡಿದ ಹಾಗಾಯಿತು. ಮನೆಯವಳಿಗೂ ಕೊಟ್ಟೆ. ಮುಗಿಸಿ, ‘ಆಮೇಲೇನಾಯ್ತುರೀ?’ ಅಂತ ಕೇಳಿದಳು. ಅದರ ಮೇಲೆ ರಾತ್ರಿ ಊಟ ಮುಗಿಯುವತನಕ ಮಾತಾಡಿದೆವು.

ಸಿದ್ಧಲಿಂಗಯ್ಯನವರ ಆತ್ಮಕಥೆ ‘ಊರುಕೇರಿ’ ನನ್ನ ಪಟ್ಟಿಯಲ್ಲಿ ಎರಡನೆಯದು, ಕರ್ವಾಲೊಗೆ ತೀರಾ ಹತ್ತಿರ. ಮಾಗಡಿ ತಾಲ್ಲೂಕಿನ ಮಂಚನಬೆಲೆ ಅವರ ಊರು. ಇಬ್ಬರು ಮನುಷ್ಯರು ಹೆಗಲ ಮೇಲೆ ನೊಗ ಹೊತ್ತು ನಡೆಯುತ್ತಾರೆ, ಹಿಂದೆ ಒಬ್ಬ ಉಳುತ್ತಿರುತ್ತಾನೆ. ಮಜಾ ಅಂತ ನೋಡುತ್ತಿದ್ದ ಹುಡುಗನಿಗೆ, ಎತ್ತಿನ ಜಾಗದಲ್ಲಿರುವ ಇಬ್ಬರಲ್ಲಿ ಒಬ್ಬ ತನ್ನ ಅಪ್ಪ ಅಂತ ಗೊತ್ತಾಗುತ್ತದೆ. ಅಲ್ಲಿ ನಾನು ಪುಸ್ತಕ ಮಡಚಿ ಸ್ವಲ್ಪ ಹೊತ್ತು ಹೊರಗೆ ನೋಡಿದೆ. ಮುಂದಕ್ಕೆ ಹೋದರೆ ನಗು ತಡೆಯಲಾಗಲಿಲ್ಲ. ಶ್ರೀರಾಮಪುರ, ಹಾಸ್ಟೆಲ್, ಸ್ಮಶಾನದಲ್ಲಿ ಕೂತು ಓದುವುದು, ಎಲ್ಲವನ್ನೂ ಎದುರಿಗೆ ಕೂತು ಹೇಳಿದ ಹಾಗೆ ಬರೆದಿದ್ದಾರೆ. 2021ರಲ್ಲಿ ಅವರು ಕೋವಿಡ್‌ನಿಂದ ತೀರಿಕೊಂಡರು. ಬದುಕಿದ್ದಾಗಲೇ ಓದಿದ್ದರೆ ಒಂದು ಕಾಗದ ಬರೆಯುತ್ತಿದ್ದೆ.

ಇನ್ನು ಕರ್ವಾಲೊ. ಅವೆನ್ಯೂ ರಸ್ತೆಯ ಫುಟ್‌ಪಾತಿನಲ್ಲಿ 40 ರೂಪಾಯಿಗೆ ಹಳೆಯ ಪ್ರತಿ ಸಿಕ್ಕಿತು. ರಟ್ಟಿಗೆ ಕಂದು ಕಾಗದದ ಬೈಂಡು, ಒಳಗೆ ಯಾರೋ ಹುಡುಗಿಯ ಕೈಬರಹದಲ್ಲಿ ‘ದ್ವಿತೀಯ ಪಿಯುಸಿ’ ಅಂತ. ಖುಷಿಯಲ್ಲಿ ತಿರುವಿಯೂ ನೋಡದೆ ಚೀಲಕ್ಕೆ ಹಾಕಿಕೊಂಡೆ.

ಊರಿನವರಿಗೆಲ್ಲ ಮಂದಣ್ಣ ಒಬ್ಬ ಪೆದ್ದ. ವಿಜ್ಞಾನಿ ಕರ್ವಾಲೊ ಕಣ್ಣಿಗೆ ಅದೇ ಮಂದಣ್ಣ ಕಾಡನ್ನು ಎಲ್ಲರಿಗಿಂತ ಚೆನ್ನಾಗಿ ನೋಡಬಲ್ಲವನು. ಈ ಒಂದು ಮಾತಿಗೇ ನಾನು ಸೋತೆ. ಜೊತೆಗೆ ಕಿವಿ ಅನ್ನುವ ನಾಯಿ, ಜೇನು, ಹಾರುವ ಓತಿಯನ್ನು ಹುಡುಕಿಕೊಂಡು ಕಾಡಿಗೆ ಹೊರಡುವ ಗುಂಪು. ಹಾರುವ ಓತಿ ಕಟ್ಟುಕಥೆಯಲ್ಲ. ಪಶ್ಚಿಮ ಘಟ್ಟದಲ್ಲಿ ಇದೆ, ಅಡಿಕೆ ತೋಟದಲ್ಲೂ ಕಾಣಿಸುತ್ತದೆ, ಪಕ್ಕೆಲುಬು ಅಗಲಿಸಿ ಚರ್ಮ ಹರಡಿಕೊಂಡು ಮರದಿಂದ ಮರಕ್ಕೆ ತೇಲಿಹೋಗುತ್ತದೆ.

ಆ ಸಂಜೆ ರೈಲು ನಿಡವಂದ ಬಿಟ್ಟಿತ್ತು. ಓತಿ ಕಂಡಿದೆ, ಎಲ್ಲರ ಉಸಿರು ಬಿಗಿಹಿಡಿದಿದೆ, ಪುಟ ತಿರುವಿದರೆ ಕಂದು ರಟ್ಟು! ಕೊನೆಯ ಹಾಳೆಗಳೇ ಇಲ್ಲ. ಬೆನ್ನಿನ ಹತ್ತಿರ ಬೆರಳಾಡಿಸಿದರೆ ದಾರಕ್ಕೆ ಅಂಟಿಕೊಂಡಿದ್ದ ಹರಿದ ಕಾಗದದ ಚೂರುಗಳು ಸಿಕ್ಕಿದವು. ಚೀಲದಲ್ಲಿ ಬಿದ್ದಿರಬಹುದಾ ಅಂತ ಊಟದ ಡಬ್ಬಿಯ ಕೆಳಗೂ ಹುಡುಕಿದೆ. ಎದುರು ಕೂತಿದ್ದ ಹಿರಿಯರು ಏನಪ್ಪಾ ಕಳೆದುಹೋಯ್ತು ಅಂದರು. ತೋರಿಸಿದೆ. ‘ಓದಿದೀನಿ, ಹೇಳ್ಲಾ?’ ಅಂದರು. ‘ಬೇಡ ಸಾರ್, ದಯವಿಟ್ಟು ಬೇಡ’ ಅಂದೆ.

ಮಾರಿದವರನ್ನು ಬಯ್ಯಲು ಮನಸ್ಸು ಬರಲಿಲ್ಲ, ಅಷ್ಟು ರಾಶಿಯಲ್ಲಿ ಅವರು ತಾನೇ ಎಷ್ಟು ನೋಡಿಯಾರು. ಆದರೆ ಎರಡು ರಾತ್ರಿ ನಿದ್ದೆ ಸರಿಯಾಗಿ ಬರಲಿಲ್ಲ. ಓತಿ ಸಿಕ್ಕಿತಾ, ತಪ್ಪಿಸಿಕೊಂಡಿತಾ? ಮೂರನೆಯ ದಿನ ಅರ್ಧ ದಿನ ರಜೆ ಹಾಕಿ ಗ್ರಂಥಾಲಯಕ್ಕೆ ಹೋಗಿ, ಕಪಾಟಿನ ಪಕ್ಕ ನಿಂತೇ ಆ ಪುಟಗಳನ್ನು ಓದಿದೆ. ಮುಗಿಸಿದಾಗ ಕಣ್ಣು ಒದ್ದೆಯಾಗಿತ್ತು. ಕೊನೆ ಏನು ಅಂತ ಇಲ್ಲಿ ಬರೆಯುವುದಿಲ್ಲ. ಉಳಿದ ಮೂರರಲ್ಲಿ ಯಾವುದರ ಕೊನೆ ಹೋಗಿದ್ದರೂ ಭಾನುವಾರದವರೆಗೆ ಕಾಯುತ್ತಿದ್ದೆ.

ಮುಂದಿನ ತಿಂಗಳ ದುಡ್ಡಿನಲ್ಲಿ ಮೊದಲು ತಂದದ್ದು ಕರ್ವಾಲೊದ ಹೊಸ ಪ್ರತಿ. ತೆಳ್ಳಗಿದೆ, ಒಂದೇ ಕೈಯಲ್ಲಿ ಹಿಡಿಯಬಹುದು. ನನ್ನ ಹಾಗೆ ಓಡಾಡುವವರು ಕರ್ವಾಲೊ, ಊರುಕೇರಿ ಎರಡನ್ನೂ ಕೊಂಡು ಇಟ್ಟುಕೊಳ್ಳಿ. ಘಾಚರ್ ಘೋಚರ್ ಸ್ನೇಹಿತರಿಂದ ತಂದು ಓದಿದರೂ ಆಯಿತು, ತೇಜೋ ತುಂಗಭದ್ರಾ ರಜೆಗೆ ಇರಲಿ. ಹಳೆಯ ಪುಸ್ತಕ ಕೊಳ್ಳುವುದಾದರೆ ದುಡ್ಡು ಕೊಡುವ ಮೊದಲು ಕೊನೆಯ ಹಾಳೆ ಇದೆಯಾ ನೋಡಿ.