ಹಳ್ಳಿಕಾರ್ ಜೋಡಿಗೆ 3 ವರ್ಷ ಖನಿಜ ಮಿಶ್ರಣ ಹಾಕಿದ ಮೇಲೆ

ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಿಂದ ಕುಣಿಗಲ್ ಕಡೆಯ ನಮ್ಮೂರಿಗೆ ಹಳ್ಳಿಕಾರ್ ತಳಿಯ ಎರಡು ಹೋರಿಕರು ತಂದಾಗ ಅವಕ್ಕೆ ಒಂದೂವರೆ ವರ್ಷ. ಇನ್ನೂ ಹಾಲುಹಲ್ಲು. ಬಣ್ಣ, ಕೊಂಬು, ಎತ್ತರ ಒಂದಕ್ಕೊಂದು ಹೊಂದುತ್ತಿತ್ತು, ಮೈ ಮಾತ್ರ ಬಡಕಲು. ತಂದ ವಾರಕ್ಕೇ ಇನ್ನೊಂದು ವಿಷಯ ಕಣ್ಣಿಗೆ ಬಿತ್ತು. ಎಡಗಡೆಯದು ಕೊಟ್ಟಿಗೆ ಗೋಡೆಯ ಸುಣ್ಣ ನೆಕ್ಕುತ್ತಿತ್ತು. ಬಲಗಡೆಯದು ಹಳೇ ಚಪ್ಪಲಿ, ಹಗ್ಗದ ತುಂಡು, ಏನು ಸಿಕ್ಕರೂ ಅಗಿಯುತ್ತಿತ್ತು. ಮುಂದೆ ಹುಲ್ಲು ಇದ್ದರೂ ಹಾಗೇ. ಪಶುವೈದ್ಯರು ಜಂತುಹುಳಕ್ಕೆ ಔಷಧಿ ಕುಡಿಸಿ, "ರಂಜಕ ಕಮ್ಮಿಯಾದಾಗ ಹೀಗೆ ಮಾಡ್ತವೆ. ಖನಿಜ ಮಿಶ್ರಣ ಶುರು ಮಾಡಿ" ಅಂದರು. ಅವತ್ತಿನಿಂದ ಇವತ್ತಿನವರೆಗೆ ನಿಲ್ಲಿಸಿಲ್ಲ.

ನಾನು ತರುವುದು ಉಪ್ಪು ಸೇರಿಸದ ಪುಡಿ. ಚೀಲದ ಮೇಲೆ ಕ್ಯಾಲ್ಸಿಯಂ 20, ರಂಜಕ (ಫಾಸ್ಫರಸ್) 12 ಅಂತ ಶೇಕಡಾ ಲೆಕ್ಕ ಇರುತ್ತದೆ. ಜೊತೆಗೆ ಮೆಗ್ನೀಷಿಯಂ, ಸತು, ತಾಮ್ರ. ಕೊಳ್ಳುವಾಗ ಈ ಅಂಕಿ ಓದಿ. ಬರೀ ಕ್ಯಾಲ್ಸಿಯಂ ಇರುವ ಪುಡಿಯನ್ನೂ ಇದೇ ಹೆಸರಲ್ಲಿ ಕೊಟ್ಟುಬಿಡುತ್ತಾರೆ. ಕರುವಾಗಿದ್ದಾಗ ಒಂದಕ್ಕೆ ದಿನಕ್ಕೆ 25 ಗ್ರಾಂ ಹಾಕುತ್ತಿದ್ದೆ, ಈಗ 50 ಗ್ರಾಂ. ಜೋಡಿಗೆ 1 ಕೆಜಿ ಹತ್ತು ದಿನ ಬರುತ್ತದೆ. ಅಡುಗೆ ಉಪ್ಪು ಬೇರೆ ಹಾಕುತ್ತೇನೆ.

ಮೊದಲು ಕಲಗಚ್ಚಿಗೆ ಸುರಿದು ತಪ್ಪು ಮಾಡಿದೆ. ಅವು ನೀರು ಹೀರಿ ಹೋದ ಮೇಲೆ ಬಾನಿಯ ತಳದಲ್ಲಿ ಬೂದಿಯ ಹಾಗೆ ಪುಡಿ ಕೂತಿರುತ್ತಿತ್ತು. ಆಮೇಲೆ ನೆನೆಸಿದ ಹುರುಳಿ ನುಚ್ಚಿಗೆ ಕೈಯಲ್ಲೇ ಕಲಸಿ ಇಟ್ಟೆ. ಒಂದು ಚೂರೂ ಬಿಡದೆ ನೆಕ್ಕಿದವು. ಸುಮಾರು ಒಂದೂವರೆ ತಿಂಗಳಿಗೆ ಗೋಡೆ ನೆಕ್ಕುವುದು ನಿಂತಿತು, ಚಪ್ಪಲಿ ಬಾಗಿಲಲ್ಲೇ ಉಳಿಯಿತು. ಒರಟಾಗಿ ನಿಂತಿದ್ದ ಕೂದಲು ಮೂರನೇ ತಿಂಗಳಿಗೆ ಮೈಗೆ ಅಂಟಿ ಮಲಗಿತು. ಜಂತಿನ ಔಷಧಿಗೂ ಇದರಲ್ಲಿ ಪಾಲಿದೆ. ಎಲ್ಲ ಪುಡಿಯದೇ ಅಂತ ನಾನು ಹೇಳುವುದಿಲ್ಲ.

ಒಂದು ಮಾತು ಬಿಡಿಸಿ ಹೇಳಬೇಕು. ಪುಡಿ ಹಾಕಿದರೆ ಮೈ ತುಂಬುತ್ತದೆ ಅಂತ ಕೊಳ್ಳಬೇಡಿ. ನಮ್ಮ ದೊಡ್ಡಪ್ಪ ಮೊದಲ ದಿನವೇ ಹೇಳಿದ್ದರು, "ಲೋ ಮಗ, ಪುಡಿ ಪುಡೀನೇ, ಮೇವು ಮೇವೇ. ಹುರುಳಿ ಬೇಯ್ಸಾಕು, ಬೆಳಿಗ್ಗೆ ನಡ್ಸು." ಅದೇ ಸರಿ. ಈಗ ಒಂದೊಂದಕ್ಕೆ ದಿನಕ್ಕೆ 1 ಕೆಜಿ ಹುರುಳಿ ನುಚ್ಚು, ಒಂದೂವರೆ ಕೆಜಿ ಬೂಸ, ಅರ್ಧ ಕೆಜಿ ಕಡಲೆಕಾಯಿ ಹಿಂಡಿ. ಎರಡು ಹೊತ್ತಿಗೆ ಹಂಚಿ ಕೊಡುತ್ತೇನೆ. ರಾಗಿ ಹುಲ್ಲು ತಿಂದಷ್ಟು, ಹಸಿ ಜೋಳ ಒಂದೆರಡು ಹೊರೆ. ಹುರುಳಿಯನ್ನು ಇಡಿಯಾಗಿ ಹಾಕಿದ್ದಾಗ ಸಗಣಿಯಲ್ಲಿ ಕಾಳು ಹಾಗೇ ಬೀಳುತ್ತಿತ್ತು. ಬೆರಳಿಂದ ಬಿಡಿಸಿ ನೋಡಿದೆ, ಸಿಪ್ಪೆ ಕೂಡ ಒಡೆದಿರಲಿಲ್ಲ. ದುಡ್ಡು ಗುಂಡಿಗೆ ಹಾಕಿದ ಹಾಗೆ, ಅಲ್ವಾ? ಒಡೆಸಿ ನೆನೆಸಿ ಬೇಯಿಸಿದ ಮೇಲೆ ಅದು ನಿಂತಿತು.

ಜಾತ್ರೆ ಹತ್ತಿರ ಬಂತು ಅಂತ ಒಮ್ಮೆಲೇ ಕಾಳು, ಹಿಂಡಿ ಜಾಸ್ತಿ ಮಾಡುವವರನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ. ದನದ ಹೊಟ್ಟೆ ಹುಳಿಯಾಗಿ ಮೇವು ಬಿಡುತ್ತದೆ, ಉಬ್ಬರಿಸುತ್ತದೆ, ಕಾಲು ನೋವಿಗೂ ಬರುತ್ತದೆ. ಏನೇ ಬದಲಿಸುವುದಿದ್ದರೂ 10-15 ದಿನ ತಗೊಳ್ಳಿ. ಇನ್ನೊಂದು ಅಪಾಯ ಬೀಜ ಒಡೆಸಿದ, ಅಂದರೆ ಸಂತಾನಹರಣ ಮಾಡಿಸಿದ ಎತ್ತುಗಳಿಗೆ. ಬೂಸ, ತೌಡಿನಲ್ಲಿ ರಂಜಕ ಜಾಸ್ತಿ, ಕ್ಯಾಲ್ಸಿಯಂ ಕಮ್ಮಿ. ಅದನ್ನೇ ತುಂಬಿಸಿ ನೀರು ಕಮ್ಮಿ ಕುಡಿಸಿದರೆ ಮೂತ್ರದಲ್ಲಿ ಕಲ್ಲು ಕಟ್ಟುತ್ತದೆ. ತೀರಾ ಚಿಕ್ಕ ವಯಸ್ಸಿಗೆ ಬೀಜ ಒಡೆಸಿದ್ದರೆ ಮೂತ್ರದ ನಾಳ ಸಣ್ಣಗೇ ಉಳಿಯುವುದರಿಂದ ಕಷ್ಟ ಇನ್ನೂ ಜಾಸ್ತಿ. ಪಕ್ಕದ ಮನೆಯವರ ಎತ್ತು ಎರಡು ದಿನ ಗಂಜಳ ಕಟ್ಟಿ ಒದ್ದಾಡಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಪುಡಿಯಲ್ಲೂ ರಂಜಕ ಇರುವುದರಿಂದ ಬೂಸ ಜಾಸ್ತಿ ಹಾಕುವವರು ಅದನ್ನು ಕೊಳ್ಳುವ ಮೊದಲು ವೈದ್ಯರಿಗೆ ತಮ್ಮ ಮೇವಿನ ಲೆಕ್ಕ ಹೇಳಿ. ಆಮೇಲೆ ಅಳತೆ ಕೇಳಿ.

ತೂಕಕ್ಕೆ ಟೇಪು ಸಾಕು. ಮುಂಗಾಲಿನ ಹಿಂದೆ ಎದೆ ಸುತ್ತಳತೆ, ಭುಜದ ಮೂಳೆಯಿಂದ ಪಿರ್ರೆಯ ಮೂಳೆವರೆಗೆ ಉದ್ದ, ಎರಡೂ ಇಂಚಿನಲ್ಲಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸಿ, 660ರಿಂದ ಭಾಗಿಸಿದರೆ ಅಂದಾಜು ಕೆಜಿ. ತಂದಾಗ ಎಡಗಡೆಯದು 48ಕ್ಕೆ 42, ಅಂದರೆ 147 ಕೆಜಿ. ಈಗ 64ಕ್ಕೆ 55, ಅಂದರೆ 341. ಕೊಬ್ಬಲ್ಲ, ಕಟ್ಟುಮಸ್ತು. ದಿನಾ ಬೆಳಿಗ್ಗೆ ಮೂರು ಕಿಲೋಮೀಟರ್ ನಡೆಸುತ್ತೇನೆ, ಬಂದ ಮೇಲೆ ಹುಲ್ಲಿನ ಸಿಂಬೆಯಲ್ಲಿ ಮೈ ತಿಕ್ಕುತ್ತೇನೆ. ಹೋದ ಸಲ ಸಿದ್ಧಗಂಗೆ ಜಾತ್ರೆಯಲ್ಲಿ ಒಬ್ಬರು ಹಿರಿಯರು ಹಲ್ಲು ನೋಡಿ, ಸುಳಿ ನೋಡಿ, ಕೊನೆಗೆ ಪಕ್ಕೆಯ ಚರ್ಮ ಎರಡು ಬೆರಳಲ್ಲಿ ಹಿಡಿದೆಳೆದು ಬಿಟ್ಟರು. ಚರ್ಮ ಸರ್ ಅಂತ ಹಿಂದಕ್ಕೆ ಹೋಯಿತು. "ಚೆನ್ನಾಗ್ ಸಾಕಿದ್ದೀಯ ಕಣಪ್ಪ" ಅಂದರು. ಬಹುಮಾನ ಬರಲಿಲ್ಲ. ಆ ಮಾತು ಇನ್ನೂ ಮನಸ್ಸಿನಲ್ಲಿದೆ.

ದೂರು ಒಂದೇ. ಎರಡನೇ ವರ್ಷ ಮಳೆಗಾಲದಲ್ಲಿ ತಂದ 5 ಕೆಜಿ ಚೀಲ ಒಡೆದರೆ ಒಳಗೆ ಕಲ್ಲಿನ ಹಾಗೆ ಗಟ್ಟಿ, ಮುಗ್ಗಲು ವಾಸನೆ. ಹೋರಿಗಳು ಮೂಸಿ ಮುಖ ತಿರುಗಿಸಿದವು. ತಯಾರಾದ ತಿಂಗಳು ನೋಡದೆ ತಂದಿದ್ದೆ, ಅಂಗಡಿಯವರು ವಾಪಸ್ ತಗೊಳ್ಳಲಿಲ್ಲ. ಅಷ್ಟೂ ಗೊಬ್ಬರದ ಗುಂಡಿಗೆ ಹೋಯಿತು. ಈಗ 1 ಕೆಜಿ ಪೊಟ್ಟಣ ಮಾತ್ರ ತರುತ್ತೇನೆ. ಸ್ವಲ್ಪ ದುಬಾರಿ ಬೀಳುತ್ತದೆ. ಒಡೆದ ದಿನವೇ ಮುಚ್ಚಳ ಬಿಗಿಯಾಗಿರುವ ಡಬ್ಬಿಗೆ ಸುರಿದು, ನೆಲದ ತೇವ ತಾಗದ ಹಾಗೆ ಅಟ್ಟದ ಮೇಲೆ ಇಡುತ್ತೇನೆ.